ಕುರಿಗೆ ಬಾಯಾರಿಕೆಯೋ, ಹೆದರಿಕೆಯೋ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಮೂಲ ವಿಜಯಪುರ ಜಿಲ್ಲೆ. ಪುಣೆಗೆ ಬಂದು ಬಹಳ ವರ್ಷ ಆಯ್ತು. ಈಗ ಸೋಲಾಪುರ ರಸ್ತೆಯಲ್ಲಿ ಯವತ್ ಹತ್ತಿರ ಸ್ವಲ್ಪ ಜಮೀನು ಮಾಡಿಕೊಂಡು ದಖನಿ ಕುರಿ ಸಾಕುತ್ತಿದ್ದೇವೆ. ಮೇ ತಿಂಗಳಲ್ಲಿ ಊರ ಕಡೆ ಸಂತೆಯಿಂದ 22 ಕುರಿ ಟೆಂಪೋದಲ್ಲಿ ತಂದೆವು. 9 ತಾಸಿನ ದಾರಿ. ಮಧ್ಯೆ ನೀರು ಕುಡಿಸಲು ಆಗಲಿಲ್ಲ. ಇಳಿಸಿದ ಕೂಡಲೇ ಕಡಲೆ ಹೊಟ್ಟು ಹಾಕಿದೆವು, ತಿಂದವು. ನೀರು ಮಾತ್ರ ಮೂಸಿ ನೋಡಿ ಬಿಟ್ಟವು. ಸಂತೆಯಲ್ಲಿ 38 ಕೆಜಿ ತೂಗಿದ ಟಗರು ಇಲ್ಲಿ 35.5 ಕೆಜಿ ಬಂತು. ಒಂದು ಕುರಿಯ ರಕ್ತ ಪರೀಕ್ಷೆ ಮಾಡಿಸಿದೆವು. ಕಾರ್ಟಿಸಾಲ್ ಜಾಸ್ತಿ, ರಕ್ತ ಗಟ್ಟಿಯಾಗಿದೆ ಅಂತ ಬಂತು. ಮಗ ಮುಂಬೈಯಲ್ಲಿ ಪರೇಲ್‌ನ ಪಶುವೈದ್ಯ ಕಾಲೇಜಿನಲ್ಲಿ ಓದುತ್ತಾನೆ. ‘ನೀರಿಲ್ಲದ್ದಕ್ಕೇ ಸ್ಟ್ರೆಸ್ ಹಾರ್ಮೋನ್ ಏರಿದೆ, ನೀರು ಕುಡಿದರೆ ಸರಿಹೋಗುತ್ತೆ’ ಅಂತಾನೆ. ನಮ್ಮ ತಂದೆಯವರು ‘ಕುರಿ ಬೆದರ್ಯಾವ, ನೀರಿನ ಮಾತಲ್ಲ’ ಅಂತಾರೆ. ಯಾರ ಮಾತು ಹಿಡಿಯೋಣ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಬಾಯಾರಿಕೆ ಮತ್ತು ಹೆದರಿಕೆ ಕುರಿಯ ಮೈಯಲ್ಲಿ ಎರಡು ಬೇರೆ ದಾರಿ ಹಿಡಿಯುತ್ತವೆ. ತೊಡಕು ಎಲ್ಲಿ ಅಂದರೆ, ಎರಡೂ ದಾರಿಯಲ್ಲಿ ವ್ಯಾಸೊಪ್ರೆಸಿನ್ ಎಂಬ ಒಂದೇ ಹಾರ್ಮೋನ್ ಓಡಾಡುತ್ತದೆ. ಅದಕ್ಕೇ ಒಂದನ್ನು ನೋಡಿ ಇನ್ನೊಂದು ಅಂದುಕೊಳ್ಳುವುದು ಸುಲಭ. ಕಾರ್ಟಿಸಾಲ್ ನೋಡಿ ಬಾಯಾರಿಕೆ ಅಳೆಯಬೇಡಿ. ಹಾಗೆಯೇ ಕುರಿ ಸುಮ್ನೆ ನಿಂತಿದೆ ಅಂತ ಅದಕ್ಕೆ ನೀರು ಸಾಕಾಗಿದೆ ಅಂದುಕೊಳ್ಳಬೇಡಿ.

ಮೊದಲು ನೀರಿನ ದಾರಿ ನೋಡೋಣ. ಕುರಿ ಏದುಸಿರು ಬಿಟ್ಟು, ಉಚ್ಚೆ ಹೊಯ್ದು, ಹಿಕ್ಕೆ ಹಾಕಿ ನೀರು ಕಳೆದುಕೊಳ್ಳುತ್ತದೆ. ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರುತ್ತದೆ. ಮಿದುಳಿನಲ್ಲಿ ಇದನ್ನೇ ಕಾಯುವ ಜೀವಕೋಶಗಳಿವೆ. ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೆ ಸಾಕು, ಅವು ಎಚ್ಚರಗೊಳ್ಳುತ್ತವೆ. ಆಗ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದ ದೊಡ್ಡ ನರಕೋಶಗಳು, ಅದರ ಕೆಳಗೇ ಇರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ವ್ಯಾಸೊಪ್ರೆಸಿನ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಮೂತ್ರಪಿಂಡಕ್ಕೆ ಹೋಗಿ, ಉಚ್ಚೆಯಾಗಿ ಹೋಗಬೇಕಿದ್ದ ನೀರನ್ನು ವಾಪಸ್ ಎಳೆದುಕೊಳ್ಳುವಂತೆ ಮಾಡುತ್ತದೆ. ಉಚ್ಚೆ ಕಡಿಮೆಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ದೊಡ್ಡ ಕರುಳೂ ನೀರು ಹೀರಿಕೊಳ್ಳುವುದರಿಂದ ಹಿಕ್ಕೆ ಸಣ್ಣದಾಗಿ, ಒಣಗಿ, ಗಟ್ಟಿಯಾಗುತ್ತದೆ. ರಕ್ತದ ಪ್ರಮಾಣವೂ ತಗ್ಗಿದರೆ ಮೂತ್ರಪಿಂಡದಿಂದ ರೆನಿನ್ ಎಂಬ ಕಿಣ್ವ ಹೊರಟು, ಅದರಿಂದ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನ್ ಆಗಿ, ಬಾಯಾರಿಕೆ ಇನ್ನೂ ಜೋರಾಗುತ್ತದೆ.

ಈ ವಿಷಯ ನಮಗೆ ಇಷ್ಟು ಚೆನ್ನಾಗಿ ಗೊತ್ತಿರುವುದಕ್ಕೆ ಕುರಿ, ಮೇಕೆಗಳೇ ಕಾರಣ. 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಮೇಕೆಯ ಹೈಪೊಥಲಾಮಸ್‌ಗೆ ಒಂದು ತೊಟ್ಟು ಉಪ್ಪುನೀರು ಬಿಟ್ಟು ನೋಡಿದರು. ಹೊಟ್ಟೆ ತುಂಬ ನೀರಿದ್ದ ಮೇಕೆಯೂ ಬಕೆಟ್ಟಿಗೆ ಬಾಯಿ ಹಾಕಿ ಗಟಗಟ ಕುಡಿಯಿತು. ಆಮೇಲೆ ಮೆಲ್ಬರ್ನ್‌ನಲ್ಲಿ ಡೆರೆಕ್ ಡೆಂಟನ್ ಮತ್ತು ಅವರ ಸಂಗಡಿಗರು ಕುರಿಯಲ್ಲಿ ಉಪ್ಪು, ನೀರು, ಬಾಯಾರಿಕೆಯ ಲೆಕ್ಕವನ್ನು ದಶಕಗಳ ಕಾಲ ಬಿಡಿಸಿದರು. ನನಗೆ ಬಹಳ ಇಷ್ಟವಾದ ಸಂಗತಿಯೊಂದು ಕುರಿಗಳಿಂದಲೇ ತಿಳಿದದ್ದು. ನೀರಿಲ್ಲದ ಕುರಿ ತನ್ನ ಮೈಯ ಉಪ್ಪನ್ನು ಉಚ್ಚೆಯಲ್ಲಿ ಹೊರಗೆ ಕಳಿಸುತ್ತದೆ. ಇರುವ ಸ್ವಲ್ಪ ನೀರಿನಲ್ಲಿ ಉಪ್ಪು ಅತಿಯಾಗದಿರಲಿ ಅಂತ ಮೈ ಮಾಡಿಕೊಂಡ ಏರ್ಪಾಡು ಅದು. ಆದ್ದರಿಂದ ದಾಹ ತೀರಿದ ಮೇಲೆ ಅದಕ್ಕೆ ಉಪ್ಪೂ ಬೇಕಾಗುತ್ತದೆ. ಮೊದಲು ನೀರು, ಆಮೇಲೆ ಉಪ್ಪಿನ ಇಟ್ಟಿಗೆ. ಈ ಕ್ರಮ ತಪ್ಪಬಾರದು.

ಈಗ ಹೆದರಿಕೆಯ ದಾರಿ. ಇಲ್ಲಿ ಕೆಲಸ ಮಾಡುವುದು ಹೈಪೊಥಲಾಮಸ್‌ನ ಸಣ್ಣ ನರಕೋಶಗಳು. ಅವು ಎರಡು ಹಾರ್ಮೋನ್ ಬಿಡುತ್ತವೆ. ಒಂದು ಸಿಆರ್‌ಎಚ್, ಇನ್ನೊಂದು ಮತ್ತದೇ ವ್ಯಾಸೊಪ್ರೆಸಿನ್. ಇವು ಮೈಯೆಲ್ಲ ಸುತ್ತುವ ರಕ್ತಕ್ಕೆ ನೇರ ಹೋಗುವುದಿಲ್ಲ. ಮಿದುಳಿನ ತಳದಿಂದ ಪಿಟ್ಯುಟರಿಯ ಮುಂಭಾಗಕ್ಕೆ ಹೋಗುವ ಸಣ್ಣ ರಕ್ತನಾಳಗಳ ಒಂದು ಜಾಲ ಇದೆ. ಅದರಲ್ಲಿ ಇಳಿಯುತ್ತವೆ. ಅಲ್ಲಿಂದ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನ್ ಹೊರಡುತ್ತದೆ. ಅದು ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿ ಮುಟ್ಟಿ ಕಾರ್ಟಿಸಾಲ್ ಬಿಡಿಸುತ್ತದೆ.

ಸಿಆರ್‌ಎಚ್ ಏನು ಅಂತ ಜಗತ್ತಿಗೆ ಗೊತ್ತಾದದ್ದೂ ಕುರಿಯಿಂದ. 1981ರಲ್ಲಿ ಅಮೆರಿಕದ ಸಾಕ್ ಸಂಸ್ಥೆಯಲ್ಲಿ ವೈಲಿ ವೇಲ್ ತಂಡದವರು ಲಕ್ಷಗಟ್ಟಲೆ ಕುರಿಗಳ ಹೈಪೊಥಲಾಮಸ್ ಸೋಸಿ, 41 ಅಮೈನೊ ಆಮ್ಲಗಳ ಈ ಹಾರ್ಮೋನನ್ನು ಬೇರ್ಪಡಿಸಿದರು. ಆದರೆ ಎಸಿಟಿಎಚ್ ಹೊರಡಿಸುವ ಕೆಲಸದಲ್ಲಿ ಇಲಿಗೆ ಸಿಆರ್‌ಎಚ್ ಮುಖ್ಯವಾದರೆ, ಕುರಿಯಲ್ಲಿ ವ್ಯಾಸೊಪ್ರೆಸಿನ್ನೇ ಜೋರು. 1989ರಲ್ಲಿ ಆಸ್ಟ್ರೇಲಿಯಾದಲ್ಲಿ ಕುರಿಯ ಆ ಸಣ್ಣ ನಾಳಗಳಿಂದಲೇ ರಕ್ತ ತೆಗೆಯುತ್ತಾ ಒಂದು ಪ್ರಯೋಗ ಮಾಡಿದರು. ಕುರಿಯ ಎದುರು ಬೊಗಳುವ ನಾಯಿಯನ್ನು ತಂದರು. ಎರಡೂ ಹಾರ್ಮೋನ್ ಏರಿದವು. ಹೆಚ್ಚು ನೆಗೆದದ್ದು ವ್ಯಾಸೊಪ್ರೆಸಿನ್. ಆ ಕುರಿಗೆ ಬಾಯಾರಿರಲಿಲ್ಲ, ನಾಯಿ ಕಂಡಿತ್ತು, ಅಷ್ಟೇ.

ಒಂದೇ ಹಾರ್ಮೋನ್ ಎರಡು ಕೆಲಸ ಮಾಡಿದರೆ ಗೊಂದಲ ಆಗಲ್ವಾ ಅಂತ ನಿಮ್ಮ ಮಗ ಕೇಳಬಹುದು. ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೂ ಮನೆ ನಂಬರ್ ಬೇರೆ ಇದ್ದರೆ ಟಪಾಲು ಸರಿಯಾಗಿಯೇ ಮುಟ್ಟುತ್ತದೆ. ಇಲ್ಲೂ ಹಾಗೆಯೇ. ಪಿಟ್ಯುಟರಿಗೆ ಇಳಿಯುವ ಸಣ್ಣ ನಾಳದಲ್ಲಿ ವ್ಯಾಸೊಪ್ರೆಸಿನ್ ಪ್ರಮಾಣ ಮೈಯ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬಾಯಾರಿಕೆಯಿಂದ ಮೈಯ ರಕ್ತದಲ್ಲಿ ಏರುವ ಪ್ರಮಾಣ ಮೂತ್ರಪಿಂಡಕ್ಕೆ ಧಾರಾಳ ಸಾಕು. ಎಸಿಟಿಎಚ್ ಜೋರಾಗಿ ಹೊರಡಿಸಲು ಸಾಲದು. ಮೂತ್ರಪಿಂಡದಲ್ಲೂ ಪಿಟ್ಯುಟರಿಯಲ್ಲೂ ಅದು ಹಿಡಿಯುವ ಕೊಂಡಿಗಳೇ ಬೇರೆ.

ಹಾಗಾಗಿ ನೆರಳಿನಲ್ಲಿ, ತನ್ನ ಹಿಂಡಿನ ಜೊತೆ, ಪರಿಚಿತ ಹಟ್ಟಿಯಲ್ಲಿರುವ ಕುರಿಗೆ ಒಂದು ದಿನ ನೀರು ಸಿಗದಿದ್ದರೂ ಕಾರ್ಟಿಸಾಲ್ ಅಷ್ಟಾಗಿ ಏರದೆ ಇರುವುದುಂಟು. ವ್ಯಾಸೊಪ್ರೆಸಿನ್ ಏರಿರುತ್ತದೆ, ಉಚ್ಚೆ ಇಳಿದಿರುತ್ತದೆ. ಕುರಿ ಮೆಲುಕು ಹಾಕುತ್ತಾ ಕೂತಿರುತ್ತದೆ. ಬಾಯಾರಿದ ಕುರಿ ನೋಡಲು ಶಾಂತ. ಅದೇ ಕುರಿಯನ್ನು ಒಂಟಿಯಾಗಿ ಕಟ್ಟಿ ಹಾಕಿ. ಪಕ್ಕದಲ್ಲೇ ನೀರಿನ ಬಕೆಟ್ ಇಡಿ. ಕಾರ್ಟಿಸಾಲ್ ಏರುತ್ತದೆ, ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನೂ ಏರುತ್ತದೆ, ಬಕೆಟ್ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಕಡು ಬಿಸಿಲು, ಹಸಿವು, ಹಲವು ದಿನದ ನೀರಿನ ಬರ ಸೇರಿದರೆ ಲೆಕ್ಕ ಬೇರೆ. ಆಗ ನೀರಿನ ಕೊರತೆಯೇ ಮೈಗೆ ಪೆಟ್ಟಾಗಿ ಕಾರ್ಟಿಸಾಲನ್ನೂ ಎಬ್ಬಿಸುತ್ತದೆ. ನಿಮ್ಮ 9 ತಾಸಿನ ದಾರಿ ಆ ಮಟ್ಟದ್ದಲ್ಲ.

ಈಗ ನಿಮ್ಮ ರಕ್ತದ ರಿಪೋರ್ಟಿಗೆ ಬರೋಣ. ಕಾರ್ಟಿಸಾಲ್ ಜಾಸ್ತಿ ಅಂತ ಬಂದಿದೆ. ಆ ರಕ್ತ ತೆಗೆದದ್ದು ಹೇಗೆ? ನಿಮ್ಮ ಪತ್ರದಲ್ಲಿ ಅದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನೆನಪಿಸುತ್ತೇನೆ. ಮೂರು ಜನ ದೊಡ್ಡಿಯೊಳಗೆ ನುಗ್ಗುತ್ತಾರೆ. ಹಿಂಡು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡುತ್ತದೆ. ಒಂದನ್ನು ಹಿಂಗಾಲು ಹಿಡಿದು ಎಳೆದು, ಕೆಳಗೆ ಕೆಡವಿ, ಕತ್ತಿನ ಉಣ್ಣೆ ಸರಿಸಿ, ರಕ್ತನಾಳ ಹುಡುಕಿ ಸೂಜಿ ಹಾಕುವಷ್ಟರಲ್ಲಿ ಹತ್ತು ಹದಿನೈದು ನಿಮಿಷ ಕಳೆದಿರುತ್ತದೆ. ಎಸಿಟಿಎಚ್ ಒಂದೆರಡು ನಿಮಿಷದಲ್ಲೇ ಏರುತ್ತದೆ. ಕಾರ್ಟಿಸಾಲ್ ಅದರ ಹಿಂದೆಯೇ ಹೊರಟು, ಸುಮಾರು ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ತುದಿ ಮುಟ್ಟುತ್ತದೆ. ಅಂದರೆ ಆ ಅಂಕಿ ಟೆಂಪೋದ ಕಥೆ ಹೇಳುತ್ತಿದೆಯೋ, ಹಿಡಿದು ಕೆಡವಿದ ಕಥೆ ಹೇಳುತ್ತಿದೆಯೋ ಹೇಳಲು ಬರುವುದಿಲ್ಲ.

ಕಾರ್ಟಿಸಾಲ್ ನಿಜವಾಗಿ ತಿಳಿಯಬೇಕಿದ್ದರೆ ಕುರಿಯ ಹತ್ತಿರ ಹೋದ ಎರಡು ಮೂರು ನಿಮಿಷದೊಳಗೆ ರಕ್ತ ತೆಗೆದಿರಬೇಕು. ಅದು ಕೈ ಪಳಗಿದವರ ಕೆಲಸ. ಕುರಿ ನಿಂತೇ ಇರಬೇಕು, ಪಕ್ಕದಲ್ಲಿ ಜೊತೆಗಾರ ಕುರಿ ಇರಬೇಕು. ಹಿಕ್ಕೆಯಲ್ಲಿ, ಉಣ್ಣೆಯಲ್ಲಿ ಅಳೆಯುವ ವಿಧಾನಗಳೂ ಇವೆ. ಹಿಕ್ಕೆ ಹಿಂದಿನ ಕೆಲವು ತಾಸಿನ ಲೆಕ್ಕ ಹೇಳಿದರೆ, ಉಣ್ಣೆ ಬೆಳೆದ ವಾರಗಳ ಲೆಕ್ಕ ಹೇಳುತ್ತದೆ. ಆದರೆ ನಿಮ್ಮ ಕೆಲಸಕ್ಕೆ ಅವು ಯಾವುವೂ ಬೇಕಿಲ್ಲ. ಆ ದುಡ್ಡಿನಲ್ಲಿ ಇನ್ನೆರಡು ನೀರಿನ ತೊಟ್ಟಿ ಕೊಳ್ಳಿ.

‘ರಕ್ತ ಗಟ್ಟಿಯಾಗಿದೆ’ ಅನ್ನುವ ಮಾತು ಇನ್ನೂ ಮೋಸದ್ದು. ಬಹುಶಃ ಪಿಸಿವಿ ನೋಡಿ ಹೇಳಿರುತ್ತಾರೆ. ಅಂದರೆ ರಕ್ತದಲ್ಲಿ ಕೆಂಪು ಕಣ ಎಷ್ಟು ಪಾಲು ಅಂತ. ಕುರಿಯಲ್ಲಿ ಸಾಮಾನ್ಯವಾಗಿ 27ರಿಂದ 45ರ ಒಳಗೆ ಇರುತ್ತದೆ. ನೀರು ಕಡಿಮೆಯಾದರೆ ಇದು ಏರುತ್ತದೆ, ನಿಜ. ಆದರೆ ಕುರಿಯ ಗುಲ್ಮದಲ್ಲಿ ಕೆಂಪು ಕಣಗಳ ದೊಡ್ಡ ದಾಸ್ತಾನು ಇದೆ. ಕುರಿ ಬೆದರಿದ ಕೂಡಲೇ ಅಡ್ರಿನಲಿನ್ ಹೊರಟು ಗುಲ್ಮ ಮುದುಡುತ್ತದೆ, ಆ ದಾಸ್ತಾನೆಲ್ಲ ರಕ್ತಕ್ಕೆ ಬರುತ್ತದೆ. ಮೈಯಿಂದ ಒಂದು ಹನಿ ನೀರು ಹೋಗದಿದ್ದರೂ ಪಿಸಿವಿ ಏರಿರುತ್ತದೆ! ಹೆದರಿಕೆ ಇಲ್ಲಿ ಬಾಯಾರಿಕೆಯ ವೇಷ ಹಾಕಿ ಬರುತ್ತದೆ. ಹಾಗಾಗಿ ಪಿಸಿವಿ ಒಂದನ್ನೇ ನಂಬಬಾರದು. ರಕ್ತದ ಒಟ್ಟು ಪ್ರೋಟೀನ್ ಮತ್ತು ಸೋಡಿಯಂ ಕೂಡ ಏರಿದ್ದರೆ ಆಗ ನೀರಿನ ಕೊರತೆ ಅನ್ನಬಹುದು. ಪಿಸಿವಿ ಮಾತ್ರ ಏರಿ ಪ್ರೋಟೀನ್ ಸರಿಯಿದ್ದರೆ ನಿಮ್ಮ ತಂದೆಯವರ ಮಾತಿಗೆ ತೂಕ ಜಾಸ್ತಿ. ಈ ಎರಡು ಅಂಕಿ ಆ ರಿಪೋರ್ಟಿನಲ್ಲೇ ಇದ್ದರೂ ಇರಬಹುದು, ಮಗನಿಗೆ ಹುಡುಕಲು ಹೇಳಿ.

38 ಕೆಜಿಯ ಟಗರು 35.5 ಆದದ್ದಕ್ಕೆ ಅಷ್ಟು ಗಾಬರಿ ಬೇಡ. ಎರಡೂವರೆ ಕೆಜಿಯಲ್ಲಿ ಹೆಚ್ಚಿನ ಪಾಲು ಹಿಕ್ಕೆ, ಉಚ್ಚೆಯಾಗಿ ಗಾಡಿಯಲ್ಲೇ ಬಿದ್ದಿರುತ್ತದೆ. ಸಂತೆಯಲ್ಲಿ ಮಾರುವವರು ತೂಕದ ಮುಂಚೆ ಹೊಟ್ಟೆ ತುಂಬ ತಿನ್ನಿಸಿ ಕುಡಿಸಿರುವುದೂ ಉಂಟು. ಕುರಿಯ ಮೊದಲ ಹೊಟ್ಟೆ ಒಂದು ನೀರಿನ ಉಗ್ರಾಣವೇ. ದಾರಿಯಲ್ಲಿ ಅಲ್ಲಿಂದ ಎಳೆದುಕೊಂಡು ರಕ್ತಕ್ಕೆ ಕೊಡುತ್ತಿರುತ್ತದೆ. ಮನುಷ್ಯ ಮೈತೂಕದ ನೂರಕ್ಕೆ ಹತ್ತು ಹನ್ನೆರಡು ಪಾಲು ನೀರು ಕಳೆದುಕೊಂಡರೆ ಜೀವಕ್ಕೇ ಅಪಾಯ. ಒಣನಾಡಿಗೆ ಒಗ್ಗಿದ ಕುರಿ ನೂರಕ್ಕೆ ಇಪ್ಪತ್ತು ಕಳೆದುಕೊಂಡೂ ಬದುಕಿ, ನೀರು ಸಿಕ್ಕ ಮೇಲೆ ಎದ್ದು ನಿಲ್ಲುತ್ತದೆ. ಮೆರಿನೋ ಕುರಿಯಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ನಮ್ಮ ದಖನಿ ಕುರಿಯೂ ಒಣನಾಡಿನದೇ. ಕುರುಬರು, ಧನಗರರು ಅದನ್ನು ನಡೆಸಿಕೊಂಡೇ ಬರದ ಸೀಮೆ ದಾಟಿಸಿದ್ದಾರೆ.

ಆದರೆ ಇಳಿಸಿದ ಕೂಡಲೇ ಕಡಲೆ ಹೊಟ್ಟು ಹಾಕಿದಿರಲ್ಲ, ಅಲ್ಲಿ ನಿಜವಾದ ತೊಂದರೆ ಶುರುವಾಯಿತು. ಹಸಿದ ಕುರಿ ಮೊದಲು ಮೇವಿಗೆ ಬಾಯಿ ಹಾಕುತ್ತದೆ, ನೀರಿಗಲ್ಲ. ದೂರ ಪ್ರಯಾಣ ಮಾಡಿ ಬಂದ ಕುರಿಗಳಲ್ಲಿ ಇದು ಎಲ್ಲ ಕಡೆ ಕಂಡದ್ದೇ. ಒಣ ಹೊಟ್ಟು ತಿನ್ನಲು ಲೀಟರುಗಟ್ಟಲೆ ಜೊಲ್ಲು ಬೇಕು. ಜೊಲ್ಲು ಬರುವುದು ರಕ್ತದ ನೀರಿನಿಂದ. ತಿಂದದ್ದು ಹೊಟ್ಟೆಯಲ್ಲಿ ನೆನೆಯಲೂ ನೀರು ಒಳಗೆ ಹೋಗುತ್ತದೆ. ಹೀಗೆ ಅರ್ಧ ತಾಸಿನಲ್ಲಿ ರಕ್ತದ ನೀರು ಹೊಟ್ಟೆಗೆ ಸರಿಯುತ್ತದೆ, ರಕ್ತ ಇನ್ನಷ್ಟು ಉಪ್ಪಾಗುತ್ತದೆ, ರೆನಿನ್ ಮತ್ತು ವ್ಯಾಸೊಪ್ರೆಸಿನ್ ಮತ್ತೆ ಏರುತ್ತವೆ. ಗಾಡಿಯಲ್ಲಿ ಸುಮ್ನೆ ಹಸಿದು ನಿಂತಿದ್ದಾಗ ಇಲ್ಲದ ನೀರಿನ ಬರ ದೊಡ್ಡಿಗೆ ಬಂದ ಮೇಲೆ ಬಂತು.

ನೀರು ಯಾಕೆ ಮೂಸಿ ಬಿಟ್ಟವು? ಜಾಗ ಹೊಸದು, ಪಾತ್ರೆ ಹೊಸದು, ನೀರಿನ ವಾಸನೆ ಹೊಸದು. ಪೈಪಿನ ಕ್ಲೋರಿನ್ ವಾಸನೆಯನ್ನು ಹಳ್ಳದ ನೀರು ಕುಡಿದ ಕುರಿ ಸುಲಭಕ್ಕೆ ಒಪ್ಪುವುದಿಲ್ಲ. ಬೆದರಿದ ಕುರಿ ತಲೆ ಬಗ್ಗಿಸಲೂ ಅಂಜುತ್ತದೆ.  ಹಾಗಾಗಿ ಮೊದಲು ಅಂಜಿಕೆ ಇಳಿಯಬೇಕು, ಆಮೇಲೆ ನೀರು ಒಳಗೆ ಹೋಗುತ್ತದೆ. ನಿಮ್ಮ ಮಗ ಹೇಳಿದ್ದು ಇಲ್ಲಿ ತಿರುಗುಮುರುಗು ಆಗಿದೆ.

ಮುಂದಿನ ಸಲ ಹೀಗೆ ಮಾಡಿ. ಹೊರಡುವ ಮುಂಚೆ ಹೊಟ್ಟೆ ತುಂಬ ನೀರು ಕುಡಿಸಿ. ‘ಗಾಡಿ ಹೊಲಸಾಗುತ್ತೆ’ ಅಂತ ಡ್ರೈವರ್ ಗೊಣಗಿದರೂ ಸರಿ. ಸಂಜೆ ಹೊರಟು ರಾತ್ರಿ ದಾರಿ ಸವೆಸಿ. ಮೇ ತಿಂಗಳ ಮಧ್ಯಾಹ್ನ ಸೋಲಾಪುರದಿಂದ ಟೆಂಭುರ್ಣಿವರೆಗಿನ ಬಿಸಿಲು ನಿಮಗೆ ಗೊತ್ತೇ ಇದೆ. ಓಡುವ ಗಾಡಿಗಿಂತ ನಿಂತ ಗಾಡಿ ಕೆಟ್ಟದ್ದು. ಗಾಳಿ ನಿಂತರೆ ಕುರಿಯ ಉಸಿರು ನಿಮಿಷಕ್ಕೆ 200 ದಾಟುವುದುಂಟು, ನೀರೆಲ್ಲ ಬಾಯಿಂದ ಹೋಗುತ್ತದೆ. ಚಹಾಕ್ಕೆ ನಿಲ್ಲಿಸಿದರೆ ಮರದ ನೆರಳಲ್ಲೇ ನಿಲ್ಲಿಸಲು ಹೇಳಿ. ಆರು ತಾಸು ಮೀರಿದ ಪ್ರಯಾಣಕ್ಕೆ 1978ರ ಪ್ರಾಣಿ ಸಾಗಣೆ ನಿಯಮಗಳಿವೆ. ನಾಲ್ಕೂವರೆ, ಐದು ಟನ್ ಗಾಡಿಯಲ್ಲಿ 40ಕ್ಕಿಂತ ಹೆಚ್ಚು ಕುರಿ ಹಾಕುವಂತಿಲ್ಲ. ದಾರಿಯಲ್ಲಿ ಮೇವು, ನೀರಿನ ಏರ್ಪಾಡು ಇರಲೇಬೇಕು. ಬಕ್ರೀದ್ ಮುಂಚೆ ಮುಂಬೈಯ ದೇವನಾರ್ ಕಸಾಯಿಖಾನೆ ಕಡೆ ಹೋಗುವ ಲಾರಿಗಳನ್ನು ಸೋಲಾಪುರ ರಸ್ತೆಯಲ್ಲಿ ನೋಡಿದಾಗೆಲ್ಲ ನನಗೆ ಈ ನಿಯಮ ನೆನಪಾಗಿ ಸಂಕಟವಾಗುತ್ತದೆ.

ತರುವಾಗ ಒಂದೇ ಹಿಂಡಿನ ಕುರಿಗಳನ್ನು ಕೊಳ್ಳಲು ನೋಡಿ. ಕುರಿ ಮುಖ ಗುರುತು ಹಿಡಿಯುತ್ತದೆ, ವರ್ಷಗಟ್ಟಲೆ ನೆನಪಿಡುತ್ತದೆ. 2004ರಲ್ಲಿ ಇಂಗ್ಲೆಂಡಿನ ಸಂಶೋಧಕರು ಒಂಟಿಯಾಗಿ ಕೂಡಿಟ್ಟ ಕುರಿಗಳಿಗೆ ಕುರಿಯ ಮುಖದ ಚಿತ್ರ ತೋರಿಸಿದರು. ಬರೀ ಚಿತ್ರ. ಅಷ್ಟಕ್ಕೇ ಎದೆಬಡಿತ ಇಳಿಯಿತು, ಒದರಾಟ ಕಡಿಮೆಯಾಯಿತು, ಕಾರ್ಟಿಸಾಲೂ ತಗ್ಗಿತು. ಚಿತ್ರಕ್ಕೇ ಇಷ್ಟು ಆದರೆ ಪಕ್ಕದಲ್ಲಿ ನಿಂತ ಪರಿಚಯದ ಕುರಿಗೆ ಎಷ್ಟು ಆಗಬೇಡ! ನಿಮ್ಮ ಹಳೇ ಹಿಂಡಿನ ಒಂದೆರಡು ಸಾಧು ಕುರಿಗಳನ್ನು ಬೇಲಿಯ ಆಚೆ, ಹೊಸಬರಿಗೆ ಕಾಣುವಂತೆ ಬಿಡಿ. ಅವು ನೀರು ಕುಡಿಯುವುದನ್ನು ನೋಡಿ ಇವೂ ಕುಡಿಯುತ್ತವೆ. ರೋಗದ ಭಯಕ್ಕೆ ಕೂಡಲೇ ಬೆರೆಸಬೇಡಿ, ನೀರಿನ ತೊಟ್ಟಿಯೂ ಬೇರೆ ಇರಲಿ.

ಇಳಿಸಿದ ಮೇಲೆ ನೆರಳಿಗೆ ಬಿಟ್ಟು ಜನ ದೂರ ಸರಿಯಿರಿ. ನಾಯಿಯನ್ನು ಕಟ್ಟಿ ಹಾಕಿ. ಅಗಲ ಬಾಯಿಯ ತೊಟ್ಟಿಗಳಲ್ಲಿ, ಹಿಂದಿನ ದಿನವೇ ಹಿಡಿದಿಟ್ಟು ವಾಸನೆ ಹೋದ ನೀರು ಇಡಿ. ಮೇವಾಗಿ ಮೊದಲು ಹಸಿ ಮೆಕ್ಕೆಜೋಳ ಅಥವಾ ಕುದುರೆ ಮೆಂತ್ಯ ಸ್ವಲ್ಪ ಕೊಡಿ, ಅದರಲ್ಲೇ ನೀರಿದೆ. ಕುರಿಗಳು ಕುಡಿದದ್ದನ್ನು ಕಣ್ಣಾರೆ ಕಂಡ ಮೇಲೆ ಒಣ ಮೇವು. ಒಂದು ಕೆಜಿ ಒಣ ಮೇವಿಗೆ 2ರಿಂದ 3 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ. ಕಾಳು, ಹಿಂಡಿ ಆ ದಿನ ಬೇಡ. ಹಸಿದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಹೊಟ್ಟೆ ಹುಳಿಯಾಗುತ್ತದೆ, ಕರುಳುಬೇನೆಗೂ ದಾರಿಯಾಗುತ್ತದೆ. ಬಾಟಲಿಯಲ್ಲಿ ಬಲವಂತವಾಗಿ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಾರಿದ ಕುರಿ ಕುಡಿಯಲು ಶುರು ಮಾಡಿದ ಕೆಲವೇ ನಿಮಿಷದಲ್ಲಿ, ನೀರು ಇನ್ನೂ ರಕ್ತಕ್ಕೆ ಸೇರುವ ಮುಂಚೆಯೇ, ವ್ಯಾಸೊಪ್ರೆಸಿನ್ ಇಳಿಯತೊಡಗುತ್ತದೆ. 9 ತಾಸು ಬಾಯಾರಿದ ಕುರಿ ಬೇಕಾದಷ್ಟು ಕುಡಿದರೆ ತೊಂದರೆ ಇಲ್ಲ. ಎರಡು ದಿನ ನೀರೇ ಕಾಣದ ಕುರಿಗೆ ಮಾತ್ರ ಸ್ವಲ್ಪ ಸ್ವಲ್ಪವಾಗಿ, ಬಿಡುವು ಕೊಟ್ಟು ಕುಡಿಸಬೇಕು. ಉಪ್ಪೇರಿದ ಮೈಗೆ ಒಮ್ಮೆಲೇ ನೀರು ನುಗ್ಗಿದರೆ ಮಿದುಳು ಊದಿಕೊಳ್ಳುತ್ತದೆ.

ಕಾರ್ಟಿಸಾಲ್ ಗಂಟೆಗಟ್ಟಲೆ ಏರಿದ್ದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಗಾಡಿ ಇಳಿದ ಕುರಿಗೆ ಒಂದೆರಡು ವಾರದಲ್ಲಿ ನ್ಯುಮೋನಿಯಾ ಬರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಮೂಗು ಸುರಿಯುವುದನ್ನು, ಕೆಮ್ಮನ್ನು ದಿನಾ ನೋಡುತ್ತಿರಿ. ಬಂದ ದಿನವೇ ಲಸಿಕೆ ಹಾಕಿಸಬೇಡಿ, ಸುಧಾರಿಸಿಕೊಳ್ಳಲಿ. ಹೆಣ್ಣು ಕುರಿ ಬೆದೆಗೆ ಬರುವ ಹೊತ್ತಿನಲ್ಲಿ ಸಾಗಿಸಿದರೆ ಅಂಡ ಬಿಡಿಸುವ ಎಲ್‌ಎಚ್ ಹಾರ್ಮೋನಿನ ಏರಿಕೆ ತಡವಾಗುತ್ತದೆ. ಆ ಸಲ ಗಬ್ಬ ನಿಲ್ಲದಿದ್ದರೆ ಟಗರನ್ನು ಬೈಯಬೇಡಿ. ಬಿಸಿಲು ತಿಂದ ಟಗರಿನ ವೀರ್ಯ ಸುಧಾರಿಸಲು ಏಳೆಂಟು ವಾರ ಬೇಕಾಗುವುದೂ ಉಂಟು.

ತುಂಬು ಗಬ್ಬದ ಕುರಿಯನ್ನು, ಅದರಲ್ಲೂ ಅವಳಿ ಹೊತ್ತದ್ದನ್ನು, ಸಾಗಿಸಲೇಬೇಡಿ. ಅರ್ಧ ದಿನದ ಉಪವಾಸವೂ ಅದಕ್ಕೆ ಭಾರ. ಸಕ್ಕರೆ ಇಳಿದು ನೆಲ ಹಿಡಿಯುತ್ತದೆ. ಈಗ ಬಂದಿರುವ 22ರಲ್ಲಿ ಅಂಥದ್ದು ಇದ್ದರೆ ಬೇರೆ ಕಟ್ಟದೆ, ಜೊತೆಗಾರ ಕುರಿಯೊಂದಿಗೇ ಬಿಟ್ಟು, ಮೇವು ತಿನ್ನುತ್ತಿದೆಯೇ ಅಂತ ನೋಡಿ. ಉಳಿದವುಗಳಲ್ಲಿ ಕಣ್ಣು ಒಳಗೆ ಹೋಗಿರುವುದು, ಒಸಡು ಅಂಟಂಟಾಗಿರುವುದು, ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಎರಡು ಸೆಕೆಂಡ್ ಕಳೆದರೂ ಮಡಿಕೆ ಹಾಗೇ ನಿಂತಿರುವುದು ಕಂಡರೆ ನೀರಿನ ಕೊರತೆ ಇದೆ ಅಂತ ಅರ್ಥ. ಬಡಕಲು ಮುದಿ ಕುರಿಯಲ್ಲಿ ಮಡಿಕೆ ಹೇಗೂ ನಿಲ್ಲುತ್ತದೆ, ಅದಕ್ಕೆ ಒಸಡೇ ನೋಡಿ. ಇಷ್ಟು ಕಂಡ ಕುರಿ ರಾತ್ರಿ ಕಳೆದರೂ ತಾನಾಗಿ ಕುಡಿಯದಿದ್ದರೆ, ಇಲ್ಲವೇ ಮೆಲುಕು ಹಾಕುವುದು ನಿಂತರೆ, ಇನ್ನು ಕಾಯದೆ ಡಾಕ್ಟರನ್ನು ಕರೆಸಿ ಡ್ರಿಪ್ ಹಾಕಿಸಿ.